ಮೂರನೆಯ ಭಾನುವಾರ

ಚಪ್ಪಲಿ ಬಿಟ್ಟಾದ ಮೇಲೆ ಕರುಣಾಕರನ ಗಮನಕ್ಕೆ ಬಂತು, ಇಗರ್ಜಿಯ ಮೆಟ್ಟಿಲ ಮೇಲೆ ಬೇರೆ ಯಾರ ಚಪ್ಪಲಿಯೂ ಇಲ್ಲ. ಜನ ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ಮತ್ತೆ ಹಾಕಿಕೊಂಡರೆ ಯಾರಾದರೂ ನೋಡಿ ನಕ್ಕಾರು. ಮಠಕ್ಕೆ ಹೋದಾಗ ಮಾಡುವ ಹಾಗೆ, ಹೊರಡುವಾಗ ಕಾಲು ತೂರಿಸಲು ಸುಲಭವಾಗಲೆಂದು, ತುದಿಯನ್ನು ರಸ್ತೆಯ ಕಡೆಗೆ ತಿರುಗಿಸಿಟ್ಟು ಬರಿಗಾಲಲ್ಲಿ ಒಳಗೆ ಹೋದ.

ಮೂವತ್ತೊಂದು ವರ್ಷ ಉಡುಪಿಯಲ್ಲೇ ಕಳೆದಿದ್ದರೂ ಕಲ್ಯಾಣಪುರದ ಇಗರ್ಜಿಯೊಳಗೆ ಅವನು ಕಾಲಿಡುವುದು ಇದೇ ಮೊದಲು. ಮಣಿಪಾಲದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾನೆ. ತುರ್ತುಪರಿಸ್ಥಿತಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದವರನ್ನು ಈಗ ಸ್ಟಾಫ್ ರೂಮಿನಲ್ಲಿ ಮೂದಲಿಸುತ್ತಾನೆ. ಆಗ ಅವನೂ ಬಾಯಿ ಮುಚ್ಚಿಕೊಂಡೇ ಇದ್ದ.

ಬರಹೇಳಿದವಳು ಅದೇ ಕಾಲೇಜಿನ ಲೈಬ್ರರಿಯ ಲೊರ್ನಾ. ಎರಡು ವರ್ಷದಿಂದ ಇಬ್ಬರೂ ಮದುವೆಯ ಮಾತಾಡುತ್ತ ಬಂದಿದ್ದರು. ಮಾತಾಡಿದ್ದು ಅವಳು, ಹೂಂಗುಟ್ಟಿದ್ದು ಇವನು. ಈಗ ಅವಳ ಅಪ್ಪ ಪೀಟರ್ ಬಹ್ರೈನಿನಲ್ಲಿರುವ ಹೆರಾಲ್ಡನಿಗೆ ಅವಳನ್ನು ಕೊಡುವುದೆಂದು ನಿಶ್ಚಯಿಸಿದ್ದರು. ಮದುವೆಗೆ ಮೊದಲು ಮೂರು ಭಾನುವಾರ ಪೂಜೆಯ ಹೊತ್ತಿಗೆ ಗಂಡುಹೆಣ್ಣಿನ ಹೆಸರು ಓದುತ್ತಾರೆ, ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಎನ್ನುತ್ತಾರೆ ಎಂದು ಅವಳೇ ವಿವರಿಸಿದ್ದಳು. ಎರಡು ಭಾನುವಾರ ಆಗಿಹೋಗಿತ್ತು.

"ನೀವು ಏನೂ ಹೇಳುವುದು ಬೇಡ," ಎಂದಿದ್ದಳು. "ಹೆಸರು ಓದುವಾಗ ಎದ್ದು ನಿಂತರೆ ಸಾಕು. ಉಳಿದದ್ದು ನಾನು ಹೇಳ್ತೇನೆ."

"ನೋಡುವ," ಎಂದಿದ್ದ.

ಸಂತೆಕಟ್ಟೆಯವರೆಗಿನ ಬಸ್ಸಿನಲ್ಲಿ, ತಾನು ಎದ್ದು ನಿಲ್ಲುವ ದೃಶ್ಯವನ್ನು ಮೂರು ನಾಲ್ಕು ಸಲ ಕಲ್ಪಿಸಿಕೊಂಡು ಪ್ರತಿ ಸಲವೂ ತನ್ನನ್ನು ಮೆಚ್ಚಿಕೊಂಡಿದ್ದ.

ಗಂಡಸರ ಕಡೆ ಕೊನೆಯ ಬೆಂಚಿನಲ್ಲಿ ಕೂತ. ಪೂಜೆ ಕೊಂಕಣಿಯಲ್ಲಿ. ಮಾತು ಅರೆಬರೆ ತಿಳಿದರೂ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ತಿಳಿಯಲಿಲ್ಲ. ಎಲ್ಲರೂ ಕೂತ ಮೇಲೂ ಒಂದು ಕ್ಷಣ ಇವನೊಬ್ಬನೇ ನಿಂತಿರುತ್ತಿದ್ದ. ನಾಚಿಕೆಯಾಯಿತು. ಕಡೆಗೆ ಮುಂದಿನ ಬೆಂಚಿನಲ್ಲಿದ್ದ ಕರಿಕೋಟಿನ ಮುದುಕನೊಬ್ಬನನ್ನು ಗುರುವಾಗಿ ಮಾಡಿಕೊಂಡ. ಮುದುಕ ಎದ್ದರೆ ಎದ್ದ, ಕೂತರೆ ಕೂತ. ಅರ್ಧ ಗಂಟೆಯಲ್ಲಿ ಎಷ್ಟು ಪಳಗಿದನೆಂದರೆ ಯೋಚಿಸುವ ಕಷ್ಟವೇ ಉಳಿಯಲಿಲ್ಲ. ಅದು ಸುಖವಾಗಿಯೂ ಇತ್ತು.

ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಲೊರ್ನಾ ತಲೆಗೆ ಸೆರಗು ಹೊದ್ದು ಕೂತಿದ್ದಳು. ಒಮ್ಮೆಯೂ ತಿರುಗಲಿಲ್ಲ.

ಪಾದ್ರಿ ಒಂದು ಕಾಗದ ಬಿಡಿಸಿದರು. ಹೆರಾಲ್ಡನ ಹೆಸರು, ಅವನ ತಂದೆತಾಯಿಯ ಹೆಸರು, ಊರು. ಆಮೇಲೆ ಪೀಟರ್ ಮತ್ತು ಬರ್ತಾರ ಮಗಳು ಲೊರ್ನಾ. ಮೂರನೆಯ ಹಾಗೂ ಕೊನೆಯ ಸಲ. ತಾನು ಏಳುವುದಿಲ್ಲ ಎಂಬುದು ಕರುಣಾಕರನಿಗೆ ಖಚಿತವಾಯಿತು. ಖಚಿತವಾದೊಡನೆ ಮನಸ್ಸು ಹಗುರವಾಯಿತು.

ಅಷ್ಟರಲ್ಲಿ ಮುಂದಿನ ಮುದುಕ ಎದ್ದ. ಕರುಣಾಕರನೂ ಎದ್ದ.

ಮುದುಕ ಕೆಮ್ಮು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಬದಿಯ ಬಾಗಿಲಿನಿಂದ ಹೊರಗೆ ಹೋದ. ತುಂಬಿದ ಇಗರ್ಜಿಯಲ್ಲಿ ಎದ್ದು ನಿಂತವನು ಇವನೊಬ್ಬ. ಪಾದ್ರಿ ಓದು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. ತಲೆಗಳು ತಿರುಗಿದವು. ಲೊರ್ನಾಳೂ ತಿರುಗಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಅವನು ಎರಡು ವರ್ಷದಲ್ಲಿ ಕಂಡಿರಲಿಲ್ಲ. ಮುಂದಿನ ಬೆಂಚು ಹಿಡಿದು ಅವಳು ಆಗಲೇ ಅರ್ಧ ಎದ್ದಿದ್ದಳು.

ಕರುಣಾಕರ ಕೂತ.

ಅವಳು ಸ್ವಲ್ಪ ಹೊತ್ತು ಅರ್ಧ ಎದ್ದೇ ಇದ್ದಳು. ಬರ್ತಾ ಮಗಳ ಸೆರಗು ಹಿಡಿದೆಳೆದು ಕೂರಿಸಿದರು. ಪಾದ್ರಿ ಮುಂದಿನ ಹೆಸರಿಗೆ ಹೋದರು.

ಪೂಜೆ ಮುಗಿದು ಹೊರಬರುವಾಗ ಪೀಟರ್ ಬಾಗಿಲಲ್ಲೇ ಅವನನ್ನು ಹಿಡಿದರು. ಹಿಂದೆ ಲೊರ್ನಾ ನಿಂತಿದ್ದಳು.

"ನೀವು ಎದ್ದದ್ದು ಎಂತಕ್ಕೆ? ಹೇಳಲಿಕ್ಕೆ ಏನಾದರೂ ಉಂಟಾ?"

ಲೊರ್ನಾ ಅವನ ಬಾಯನ್ನೇ ನೋಡುತ್ತಿದ್ದಳು. ಇನ್ನೂ ಹೊತ್ತು ಮೀರಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಇಲ್ಲ. ನಿಮ್ಮ ಕ್ರಮ ಗೊತ್ತಿಲ್ಲ ನೋಡಿ. ತಪ್ಪಿ ಎದ್ದದ್ದು."

ಪೀಟರ್ ನಕ್ಕರು. ಮೊದಲ ಸಲ ಬಂದವರಿಗೆ ಹಾಗಾಗುವುದುಂಟು ಎಂದು ಸಮಾಧಾನ ಹೇಳಿ, ಮದುವೆಗೆ ಖಂಡಿತ ಬರಬೇಕೆಂದು ಕರೆದರು. ಬರುತ್ತೇನೆಂದು ಅವನು ಒಪ್ಪಿಕೊಂಡ.

ಲೊರ್ನಾಳ ಕಣ್ಣು ಅವನ ಬಾಯಿಯಿಂದ ಬರಿಗಾಲಿಗೆ ಇಳಿಯಿತು.

"ಚಪ್ಪಲಿ ಬಿಡಬೇಕೂಂತ ಇಲ್ಲ, ಸರ್. ಯಾರು ಹೇಳಿದ್ದು ನಿಮಗೆ?"

ಎರಡು ವರ್ಷದಲ್ಲಿ ಅವಳು ಅವನನ್ನು ಸರ್ ಎಂದಿರಲಿಲ್ಲ. ಉತ್ತರಕ್ಕೆ ಕಾಯದೆ ಅಮ್ಮನ ಕಡೆಗೆ ಹೋದಳು.

ಜನ ಅವನ ಚಪ್ಪಲಿಗಳನ್ನು ತುಳಿಯದೆ, ಬಳಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಅವು ಬಿಸಿಲಿಗೆ ಕಾದು, ಇಟ್ಟ ಹಾಗೆಯೇ ಇದ್ದವು, ತುದಿ ರಸ್ತೆಯ ಕಡೆಗೆ. ಕರುಣಾಕರ ಕಾಲು ತೂರಿಸಿದ. ತಿರುಗಿ ನಿಲ್ಲಬೇಕಾದ ಅಗತ್ಯವೇ ಬರಲಿಲ್ಲ.