ಒಕ್ಕುವಿನ ನಡುತೊಲೆ

ಮಾರ್ಚ್ ತಿಂಗಳ ನಡುಭಾಗ, ಹೊತ್ತು ಮೂಡಲು ಇನ್ನೂ ಸ್ವಲ್ಪ ಇತ್ತು. ಹಗಲಿನ ಬಿಸಿಲಿಗೆ ಮೆತ್ತಗಾದ ಹಿಮ ರಾತ್ರಿಯ ಚಳಿಗೆ ಹೆಪ್ಪುಗಟ್ಟಿ, ಮೇಲೆ ನಡೆದರೂ ಕಾಲು ಹೂತುಹೋಗದಷ್ಟು ಗಟ್ಟಿಯಾಗುವ ಕಾಲ ಅದು. ಮಧ್ಯಾಹ್ನ ಆಯಿತೆಂದರೆ ಅದೇ ಹಿಮ ಅಂಬಲಿಯಾಗುತ್ತದೆ. ಮರ ಎಳೆಯುವವನು ಆ ಕಾಲದಲ್ಲಿ ಬೇಗ ಏಳದಿದ್ದರೆ ಅವನ ದಿನ ಹೋದ ಹಾಗೆಯೇ.

ಮೀಕ್ಕುಲ್ ಎದ್ದು, ಕಪ್ಪು ಚಹಾ ಕುಡಿದು, ಸತ್ತ ಅಣ್ಣನ ಮನೆಯ ಮುಂದೆ ಬಂದು ನಿಂತ. ಮನೆ ಅಂತ ಹೇಳುವುದಕ್ಕೆ ಈಗ ಅಲ್ಲಿ ಉಳಿದದ್ದು ದೊಡ್ಡ ಮಣ್ಣಿನ ಒಲೆ ಒಂದೇ. ಅದು ಬಟ್ಟಬಯಲಲ್ಲಿ ತಲೆಯ ಮೇಲೆ ಹಿಮ ಹೊತ್ತು ನಿಂತಿತ್ತು. ಸುತ್ತ ಬಿಚ್ಚಿಟ್ಟ ದಿಮ್ಮಿಗಳು. ಯಾವ ದಿಮ್ಮಿ ಯಾವ ಗೋಡೆಯದು, ಎಷ್ಟನೆಯ ಸಾಲಿನದು ಎಂದು ಮೀಕ್ಕುಲ್ ಕೊಡಲಿಯಿಂದ ಒಂದೊಂದಕ್ಕೂ ಗುರುತು ಹಾಕಿದ್ದ.

ಊರು ಮುಚ್ಚುತ್ತದೆ ಎಂದು ಮೇಲಿನವರು ಹಿಂದಿನ ಬೇಸಿಗೆಯಲ್ಲೇ ಹೇಳಿ ಹೋಗಿದ್ದರು. ಮೊದಲು ಅಂಗಡಿ ಹೋಯಿತು, ಆಮೇಲೆ ಶಾಲೆ, ಆಮೇಲೆ ಜನ. ಎಲ್ಲರೂ ಸರೋವರದ ಆಚೆ ದಡದಲ್ಲಿ, ಮರ ಕಡಿಯುವವರಿಗೆಂದು ಕಟ್ಟಿದ ಬ್ಯಾರಕ್ಕುಗಳಲ್ಲಿ ಸೇರಿಕೊಂಡರು. ಒಂದೇ ಸೂರಿನ ಕೆಳಗೆ ಹಲವು ಸಂಸಾರ. ಒಬ್ಬರು ಕೆಮ್ಮಿದರೆ ಎಲ್ಲರಿಗೂ ಎಚ್ಚರ. ಮೀಕ್ಕುಲ್‌ನ ಅತ್ತಿಗೆ ಒಕ್ಕು ಮಾತ್ರ ಹೋಗಿರಲಿಲ್ಲ. ಪಟ್ಟಣದ ವೈದ್ಯರು ಅವಳ ಹೊಟ್ಟೆ ತೆರೆದು ನೋಡಿ, ಏನೂ ಮಾಡದೆ ಮತ್ತೆ ಹೊಲಿದು ಕಳಿಸಿದ್ದರು. ಅದರ ಅರ್ಥ ಅವಳಿಗೆ ಗೊತ್ತಿತ್ತು.

"ಸಾಯೋದೇನೋ ಸಾಯ್ತೀನಿ ಮೀಕ್ಕುಲ್, ಆದ್ರೆ ನನ್ನ ತೊಲೆ ಕೆಳಗೆ ಸಾಯ್ತೀನಿ. ನನ್ನ ಮನೇನ ಆಚೆ ದಡಕ್ಕೆ ತಂದು ನಿಲ್ಸು. ಅಷ್ಟು ಮಾಡು," ಎಂದಿದ್ದಳು.

ಹುಟ್ಟಿದ ಮಗುವನ್ನು ಮೊದಲು ಮಲಗಿಸುವುದು ಸೂರು ಹೊರುವ ನಡುತೊಲೆಯ ಕೆಳಗೆ, ಹೋಗುವ ಜೀವ ಹೋಗುವುದೂ ಅದರ ಕೆಳಗೇ. ಬೇರೆ ಕಡೆ ಸತ್ತವರಿಗೆ ಹಬ್ಬದ ದಿನ ಎಡೆಗೆ ಬರಲು ಮನೆಯ ದಾರಿ ಸಿಗುವುದಿಲ್ಲ ಎನ್ನುವುದು ಅವಳ ತವರಿನ ಕಡೆಯ ನಂಬಿಕೆ. ಮೀಕ್ಕುಲ್ ನಂಬಿದನೋ ಇಲ್ಲವೋ, ಆಗಲಿ ಎಂದಿದ್ದ.

ಆ ಬೆಳಗ್ಗೆ ಅವನು ಹಿಮದ ಮೇಲೆ ಮೂರು ಬಗೆಯ ಕಟ್ಟುಗಳನ್ನು ಹರಡಿಕೊಂಡು ಕೂತ. ಒಂದು ಸರಪಳಿ, ಒಂದು ಸೆಣಬಿನ ಹಗ್ಗ, ಇನ್ನೊಂದು ಕಾಡಿನ ಕೆಲಸದ ಉಕ್ಕಿನ ಹಗ್ಗ. ಟ್ರ್ಯಾಕ್ಟರ್ ಓಡಿಸುವ ವಾಸ್ಲೇಯಿ ಇಂಜಿನ್ ಬಿಸಿಯಾಗಲೆಂದು ಬಿಟ್ಟು ಕೆಳಗಿಳಿದು ಬಂದ. ಅವನು ಮೀಕ್ಕುಲ್‌ನ ತಂಗಿಯ ಮಗ, ಬಾಯಿ ಸುಮ್ಮನಿರದವನು.

"ಏನ್ ಮಾವ, ಮದುವೆಗೆ ಹೆಣ್ಣು ಆರಿಸ್ದಂಗೆ ಆರಿಸ್ತಾ ಇದೀಯಲ್ಲ."

"ಹೆಣ್ಣು ತಪ್ಪಿದ್ರೆ ಒಬ್ಬನಿಗೆ ಗೋಳು. ಹಗ್ಗ ತಪ್ಪಿದ್ರೆ ಪಕ್ಕದಲ್ಲಿ ನಿಂತೋನ ಕಾಲು ಹೋಗುತ್ತೆ."

"ಅದಕ್ಕೇ ನೀನು ಮದುವೆ ಆಗ್ದೆ ಹಗ್ಗಾನೇ ಕಟ್ಕೊಂಡಿದ್ದು."

ಮೀಕ್ಕುಲ್ ನಕ್ಕು, ಸರಪಳಿಯನ್ನು ಕಾಲಿನಿಂದ ಅತ್ತ ಸರಿಸಿದ. ಹಸಿ ಮರದ ತೊಗಟೆಯನ್ನಾದರೆ ಸರಪಳಿ ಕಚ್ಚಿ ಹಿಡಿಯುತ್ತದೆ. ಒಣಗಿ ನುಣುಪಾದ ಮನೆಯ ದಿಮ್ಮಿಯ ಮೇಲೆ ಜಾರುತ್ತದೆ. ಸೆಣಬಿನ ಹಗ್ಗ ಹಳೆಯ ಮರಕ್ಕೆ ಮೃದು. ಆದರೆ ಹಿಮದ ನೀರು ಕುಡಿದು ಮರುಗಳಿಗೆಗೆ ಕೋಲಿನಂತೆ ಸೆಟೆದುಕೊಂಡರೆ ಗಂಟು ಬಿಚ್ಚಲು ಕೊಡಲಿಯೇ ಬೇಕು. ಉಕ್ಕಿನ ಹಗ್ಗ ಹಾಗಲ್ಲ. ಹಿಮದೊಳಗೆ ಹೂತ ದಿಮ್ಮಿಯ ಅಡಿಯಿಂದ ಅದರ ತುದಿಯನ್ನು ಹಾವಿನಂತೆ ತೂರಿಸಿ, ಸುತ್ತಿ, ಕೊಂಡಿ ಹಾಕಿದರೆ ಮುಗಿಯಿತು; ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ. ಆಗಲೇ ದಡದ ಬಳಿ ಮಂಜುಗಡ್ಡೆಯ ಮೇಲೆ ನೀರು ಕಾಣಿಸಿಕೊಂಡಿತ್ತು. ಅವನು ಉಕ್ಕನ್ನೇ ಆರಿಸಿದ.

ಕೆಲಸ ಚೆನ್ನಾಗಿಯೇ ನಡೆಯಿತು. ಮೀಕ್ಕುಲ್ ಕುಣಿಕೆ ಹಾಕುವುದು; ವಾಸ್ಲೇಯಿ ಹಗ್ಗ ಸುತ್ತುವ ರಾಟೆ ತಿರುಗಿಸಿ ದಿಮ್ಮಿಗಳ ಮೂತಿಯನ್ನು ಟ್ರ್ಯಾಕ್ಟರಿನ ಹಿಂದಿನ ಕಬ್ಬಿಣದ ಹಲಗೆಗೆ ಏರಿಸಿಕೊಂಡು, ಬಾಲವನ್ನು ಹಿಮದ ಮೇಲೆ ಎಳೆದುಕೊಂಡು ಸರೋವರ ದಾಟುವುದು. ಆಚೆ ದಡ ಕಡಿದಾದದ್ದು. ಹೊರೆಯನ್ನು ಕೆಳಗೇ ಇಳಿಸಿ, ಹಗ್ಗ ಸಡಿಲ ಬಿಡುತ್ತ ಟ್ರ್ಯಾಕ್ಟರ್ ಬರಿದಾಗಿ ಮೇಲೆ ಹತ್ತಿ ನಿಲ್ಲಬೇಕು. ಆಮೇಲೆ ರಾಟೆಯಿಂದ ಹೊರೆಯನ್ನು ಮೇಲಕ್ಕೆಳೆಯಬೇಕು. ಹೀಗೆ ಕೆಲವು ದಿನಗಳಲ್ಲಿ ಗೋಡೆಗಳು ಹೋದವು, ನೆಲದ ಹಲಗೆಗಳು ಹೋದವು.

ಕೊನೆಗೆ ಉಳಿದದ್ದು ನಡುತೊಲೆ. ಅಣ್ಣ ತೆಪ್ಪಾನ ಮದುವೆಯಾದ ವರ್ಷ, ನಿಂತಲ್ಲೇ ಒಣಗಿದ ಪೈನ್ ಮರ ಕಡಿದು ಕೆತ್ತಿದ ತೊಲೆ. ಒಲೆಯ ಹೊಗೆಗೆ ಜೇನಿನ ಬಣ್ಣ ಬಂದಿತ್ತು. ಹಿತ್ತಲಿನ ಸ್ನಾನದ ಗುಡಿಸಲಲ್ಲಿ ಮಲಗುತ್ತಿದ್ದ ಒಕ್ಕು ಆ ದಿನ ಶಾಲು ಹೊದ್ದು ಹೊರಗೆ ಬಂದಳು. ಕೈಗವಸು ತೆಗೆದು ತೊಲೆಯನ್ನು ಸವರಿದಳು.

"ಇದಕ್ಕಾದ್ರೂ ಸೆಣಬಿನ ಹಗ್ಗ ಹಾಕೋ."

"ಅದು ಸೆಟೆದು ಕೂತಿದೆ ಅತ್ಗೆ. ಒಲೆ ಹತ್ರ ಇಟ್ಟು ಬಿಸಿ ಮಾಡೋ ಅಷ್ಟರಲ್ಲಿ ಬಿಸಿಲು ಏರುತ್ತೆ. ಇಷ್ಟು ದಿನ ಒಂದು ಮರಕ್ಕಾದ್ರೂ ಏನಾದ್ರೂ ಆಯ್ತಾ?"

"ಇಲ್ಲ. ಅದಕ್ಕೇ ಭಯ."

ಅವಳನ್ನು ಟ್ರ್ಯಾಕ್ಟರಿನೊಳಗೆ ವಾಸ್ಲೇಯಿಯ ಪಕ್ಕ ಕೂರಿಸಿ, ಮೀಕ್ಕುಲ್ ತೊಲೆಗೆ ಕುಣಿಕೆ ಹಾಕಿದ. ಕಾಡಿನಲ್ಲಿ ಬಿದ್ದ ಮರಕ್ಕೆ ಬುಡದಿಂದ ಒಂದು ಮೊಳ ಬಿಟ್ಟು ಹಾಕುವುದು ರೂಢಿ. ಎಷ್ಟೋ ಚಳಿಗಾಲ ಹಸಿ ಮರಕ್ಕೆ ಹಾಗೆ ಹಾಕಿದ ಕೈ. ಕಣ್ಣು ನೋಡದಿದ್ದರೂ ಅಲ್ಲಿಗೇ ಹೋಗುತ್ತದೆ. ಮನೆಯ ತೊಲೆಯಲ್ಲಿ ತುದಿಯಿಂದ ಒಂದು ಮೊಳಕ್ಕೆ ಇರುವುದು ಕಚ್ಚು, ಗೋಡೆಯ ಮೇಲೆ ಕೂರಲೆಂದು ಕೊಡಲಿಯಿಂದ ತೆಳುಮಾಡಿದ ಜಾಗ. ಉಕ್ಕಿನ ಹಗ್ಗ ಆ ಕಚ್ಚಿನೊಳಗೆ ತಾನಾಗಿ ಹೋಗಿ ಕೂತಿತು. ಇನ್ನು ಜಾರುವ ಮಾತೇ ಇಲ್ಲ ಎಂದು ಮೀಕ್ಕುಲ್‌ಗೆ ಸಮಾಧಾನವೇ ಆಯಿತು. ಗೋಡೆಯ ದಿಮ್ಮಿಗಳೂ ಹಾಗೇ ಹೋಗಿದ್ದವು. ಆದರೆ ಅವು ಐದಾರು ಒಟ್ಟಿಗೆ, ಒಂದರ ಭಾರಕ್ಕೆ ಇನ್ನೊಂದು ಆಸರೆಯಾಗಿ ಹೋಗಿದ್ದವು. ತೊಲೆ ಒಂಟಿ.

ತೊಲೆ ಸರೋವರ ದಾಟಿತು. ದಡದಲ್ಲಿ ಮೀಕ್ಕುಲ್ ಕೆಳಗೆ ತೊಲೆಯ ಬಳಿ ನಿಂತ, ಟ್ರ್ಯಾಕ್ಟರ್ ಮೇಲೆ ಹತ್ತಿ ನಿಂತಿತು. ಬಿಸಿಲಿಗೆ ದಡದ ಹಿಮ ಸಡಿಲಾಗಿತ್ತು. ರಾಟೆ ತಿರುಗಿದಾಗ ತೊಲೆಯ ಮೂತಿ ಹಿಮದೊಳಗೆ ನುಗ್ಗಿ, ಅಡಿಯಲ್ಲಿದ್ದ ಮಂಜುಗಡ್ಡೆಯ ಅಂಚಿಗೆ ಸಿಕ್ಕಿಕೊಂಡಿತು. ನಿಲ್ಲಿಸಿ, ಮೂತಿಯ ಕೆಳಗೆ ಎರಡು ಕೋಲು ಕೊಟ್ಟು ಎತ್ತಬೇಕಿತ್ತು. ಮೇಲೆ ಗಾಜಿನ ಹಿಂದೆ ಒಕ್ಕುವಿನ ಮುಖ ಕಾಣುತ್ತಿತ್ತು. ನೋವಿಗೆ ತುಟಿ ಕಚ್ಚಿ ಹಿಡಿದಿದ್ದಳು. ಬೇಗ ಮುಗಿಯಲಿ ಎಂದುಕೊಂಡ ಮೀಕ್ಕುಲ್ ಕೈಯೆತ್ತಿ ಎಳೆ ಎಂದು ಸನ್ನೆ ಮಾಡಿದ.

ಇಂಜಿನ್ನಿನ ಸದ್ದಿಗೆ ಮರ ಮುರಿದ ಸದ್ದು ಕೇಳಿಸಲೇ ಇಲ್ಲ. ಹಗ್ಗ ಬಿಲ್ಲಿನಂತೆ ಮೇಲಕ್ಕೆ ಚಿಮ್ಮಿ, ತುದಿಯಲ್ಲಿ ಒಂದು ಮೊಳ ತೊಲೆಯನ್ನು ಕಟ್ಟಿಕೊಂಡು ಹೋಗಿ ಬಿತ್ತು. ಉಳಿದ ತೊಲೆ ನಿಧಾನಕ್ಕೆ ಹಿಂದೆ ಜಾರಿ ಸರೋವರದ ಮೇಲೆ ನಿಂತಿತು. ಮುರಿದಲ್ಲಿಂದ ಒಳಕ್ಕೆ ಇನ್ನೂ ಎರಡು ಮೊಳ ಸೀಳು.

ಒಕ್ಕು ತಾನೇ ಇಳಿದು ದಡದ ಅಂಚಿಗೆ ಬಂದಳು.

"ಇದನ್ನ ಏರಿಸೋವಾಗ ನಿಮ್ಮಣ್ಣ ಬೆರಳು ಜಜ್ಜಿಕೊಂಡು ದಿನವಿಡೀ ಬೈದಿದ್ದ. ನೀನೂ ಒಂದಿಷ್ಟು ಬೈಯೋ ಮೀಕ್ಕುಲ್. ಹಂಗೆ ನಿಂತ್ಕೋಬೇಡ," ಎಂದಳು.

"ಅತ್ತೆ, ನಾಳೇನೇ ಒಳ್ಳೆ ಮರ ಕಡ್ಕೊಂಡು ಬರ್ತೀನಿ. ಇದಕ್ಕಿಂತ ದಪ್ಪಂದು," ಎಂದ ವಾಸ್ಲೇಯಿ.

"ಹೊಸ ತೊಲೆಗೆ ನಾನ್ಯಾರು ಅಂತ ಏನ್ ಗೊತ್ತಪ್ಪಾ?"

ಮೀಕ್ಕುಲ್ ಸೀಳಿನೊಳಗೆ ಬೆರಳಿಟ್ಟು ಅದು ಎಲ್ಲಿಯವರೆಗೆ ಹೋಗಿದೆ ಎಂದು ನೋಡುತ್ತಿದ್ದ. "ತೊಲೆ ಗಿಡ್ಡ ಆಯ್ತು ಅಂದ್ರೆ ಮನೇನೂ ಗಿಡ್ಡ ಮಾಡೋಣ," ಎಂದ.

ಹೇಳುವುದು ಸುಲಭ. ಎರಡು ಗೋಡೆಗಳ ಒಂದೊಂದು ದಿಮ್ಮಿಯನ್ನೂ ಮೂರು ಮೊಳ ಕತ್ತರಿಸಿ, ಹೊಸ ಕಚ್ಚು ಕೆತ್ತಿ, ಸಂದಿಗೆ ಪಾಚಿ ತುಂಬಿ ಕೂರಿಸಬೇಕು. ಗುರುತು ಹಾಕಿದ್ದಂತೆ ಜೋಡಿಸಿದ್ದರೆ ಈಸ್ಟರ್ ಹೊತ್ತಿಗೆ ಸೂರು ಬರುತ್ತಿತ್ತು. ಈಗ ಈಸ್ಟರ್‌ಗೆ ಬಂದದ್ದು ಮೊಣಕಾಲೆತ್ತರದ ಗೋಡೆ. ಮೀಕ್ಕುಲ್ ಬೆಳಕು ಹರಿದಾಗ ಕೊಡಲಿ ಹಿಡಿದರೆ ಕಣ್ಣು ಕಾಣದಾಗುವವರೆಗೂ ಇಳಿಸುತ್ತಿರಲಿಲ್ಲ. ವಾಸ್ಲೇಯಿ ಪಾಳಿ ಮುಗಿಸಿ ಬಂದು ಇನ್ನೊಂದು ತುದಿ ಹಿಡಿಯುತ್ತಿದ್ದ. ಈಗ ಅವನೂ ತಮಾಷೆ ಮಾಡುತ್ತಿರಲಿಲ್ಲ.

ಅಲ್ಲಿಯವರೆಗೆಂದು ಒಕ್ಕುವಿನ ಮಂಚವನ್ನು ಬ್ಯಾರಕ್ಕಿನ ಕಿಟಕಿಯ ಬಳಿ ಹಾಕಿದ್ದರು. ಅಲ್ಲಿಂದ ಗೋಡೆ ಕಾಣುತ್ತಿತ್ತು. ಮೀಕ್ಕುಲ್ ಹೋದಾಗಲೆಲ್ಲ ಅವಳು ಮೊದಲು ಅವನ ಅಂಗೈ ತಿರುಗಿಸಿ ಬೊಬ್ಬೆ ನೋಡುತ್ತಿದ್ದಳು.

"ಗೋಡೆ ಬೆಳೀತಾ ಇಲ್ವಲ್ಲೋ. ಇಲ್ಲಾ, ನಾನೇ ಹಾಸಿಗೇಲಿ ಇಳೀತಾ ಇದೀನಾ?"

"ಕಿಟಕಿ ಸಾಲಿಗೆ ಬಂತು ಅತ್ಗೆ."

ಸರೋವರದ ಮಂಜುಗಡ್ಡೆ ಕಪ್ಪಾಯಿತು, ಅಂಚು ಬಿಟ್ಟಿತು. ಅವಳು ರೊಟ್ಟಿ ಬಿಟ್ಟಳು, ಆಮೇಲೆ ಹಾಲನ್ನೂ ಬಿಟ್ಟಳು. ಒಂದು ಸಂಜೆ ಮೀಕ್ಕುಲ್ ಮಂಚದ ಪಕ್ಕ ಕೂತು ಟೋಪಿ ಹಿಂಡುತ್ತ ಹೇಳಿದ:

"ಇರೋ ಗೋಡೆ ಮೇಲೇ ತೊಲೆ ಏರಿಸ್ತೀನಿ. ಮೇಲೆ ಟಾರ್ಪಾಲು ಕಟ್ತೀನಿ. ನಿನ್ನ ಎತ್ಕೊಂಡ್ಹೋಗಿ ಅಲ್ಲಿ ಮಲಗಿಸ್ತೀನಿ. ಬಾ."

ಒಕ್ಕು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದಳು. "ಒಲೆ ಇಲ್ಲ, ಸೂರಿಲ್ಲ. ಅಲ್ಲಿ ಇಟ್ರೆ ಅದು ಬರೀ ಮರ ಕಣೋ. ಮನೆ ಮುಗಿದ ಮೇಲೆ ಕರಿ, ಬರ್ತೀನಿ." ಮತ್ತೆ ಹೇಳಿದಳು, "ನನಗೋಸ್ಕರ ಇನ್ನೊಂದ್ಸಲ ಅವಸರ ಮಾಡ್ಬೇಡ."

ಮೀಕ್ಕುಲ್ ಹೊರಗೆ ಹೋಗಿ, ಬೆಳಕು ಇನ್ನೂ ಇದ್ದದ್ದರಿಂದ, ಮತ್ತೊಂದು ದಿಮ್ಮಿಗೆ ಕಚ್ಚು ಹಾಕಿದ.

ಗೋಡೆಗೆ ಇನ್ನೂ ನಾಲ್ಕು ಸಾಲು ಬಾಕಿ ಇತ್ತು. ಬ್ಯಾರಕ್ಕಿನ ಸೂರಿನ ಹಲಗೆಯ ಕೆಳಗೆ, ನೆರೆಯವರು ಒಣಹಾಕಿದ್ದ ಮಕ್ಕಳ ಬಟ್ಟೆಯ ಅಡಿಯಲ್ಲಿ, ಬೆಳಗಿನ ಚಹಾದ ಹೊತ್ತಿಗೆ ಒಕ್ಕು ತೀರಿಹೋದಳು. ಮಂಜುಗಡ್ಡೆ ಹೋಗಿ ಸರೋವರ ಪೂರ್ತಿ ಬಿಚ್ಚಿಕೊಂಡ ವಾರ, ಬುಧವಾರ.