ವ್ಯವಸ್ಥಾಪಕ

ಅಗಸೆ ಎಣ್ಣೆಯ ವಾಸನೆ ಬೆರಳಿಗೆ ಹತ್ತಿದೊಡನೆ ದಾವೂದನಿಗೆ ಅಪ್ಪನ ಚಪ್ಪರ ನೆನಪಾಯಿತು. ಯಲ್ಲಾಪುರದ ಸಂತೆಪೇಟೆಯ ಹಿಂದೆ ಗಾಡಿಯ ಚಕ್ರ ಮಾಡುತ್ತಿದ್ದ ಅಪ್ಪ, ಹೊಸ ಮರಕ್ಕೆ ಇದೇ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಉಜ್ಜುತ್ತಿದ್ದ. ಅವನ ಗಡ್ಡಕ್ಕೆ, ಅಂಗಿಗೆ, ಮಧ್ಯಾಹ್ನ ಮುರಿದುಕೊಡುತ್ತಿದ್ದ ರೊಟ್ಟಿಯ ಚೂರಿಗೆ ಕೂಡ ಆ ವಾಸನೆ ಇರುತ್ತಿತ್ತು. ತುದಿ ಬಾಗಿದ ನೇರಳೆ ಕೊಂಬೆಯೊಂದನ್ನು ಕೆತ್ತಿ, ಎಣ್ಣೆ ಕುಡಿಸಿ, ಆಡು ಎಂದು ಮಗನ ಕೈಗೆ ಕೊಟ್ಟವನೂ ಅವನೇ. ಅಪ್ಪ ಹೋಗಿ ಮೂವತ್ತು ವರ್ಷವಾಗಿತ್ತು. ಈಗ ದಾವೂದ್ ಮಂಡಿಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದದ್ದು ಮುಂಬಯಿಯಿಂದ ತಂದ ಹಾಕಿ ಕೋಲು. ಮಂಡಿ ಕೆಟ್ಟು ಅವನು ಆಟ ಬಿಟ್ಟ ಮೇಲೆ ಆ ಕೋಲು ಹತ್ತು ವರ್ಷ ಗೋಡೆಯಲ್ಲೇ ಇತ್ತು. ಆದರೂ ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಕುಡಿಸುವುದನ್ನು ಅವನು ತಪ್ಪಿಸಿರಲಿಲ್ಲ.

“ಕೋಲೂ ತಗೊಂಡು ಹೋಗ್ತ್ರಾ ಸಾಹೇಬ್ರೆ?”

ಬಾಗಿಲಲ್ಲಿ ಜಟ್ಟಪ್ಪ ನಿಂತಿದ್ದ. ಶಿರಸಿ ಬಸ್ಸಿನ ಕಂಡಕ್ಟರ್. ಮರುದಿನ ಬೆಳಿಗ್ಗೆ ಬಸ್ಸಿಗೆ ಏರಿಸಬೇಕಾದ ಗಡಿಗೆಗಳು ಎಷ್ಟು ದೊಡ್ಡವೆಂದು ನೋಡಿಹೋಗಲು ಬಂದಿದ್ದ.

“ಅನ್ನ ಮಾಡ್ಲಿಕ್ಕೆ ಹೋಗವನಿಗೆ ಕೋಲು ಎಂತಕ್ಕೆ? ಒಲೆ ಕೆದಕ್ಲಿಕ್ಕಾ?” ದಾವೂದ್ ನಕ್ಕು, ಕೋಲನ್ನು ಮತ್ತೆ ಮೊಳೆಗೆ ತೂಗುಹಾಕಿದ.

ಐದು ದಿನದ ಹಿಂದೆ ಆ ಕಾಗದ ಬಂದಿತ್ತು. ದಾವೂದ್ ಮೋಟಾರ್ ಸ್ಟ್ಯಾಂಡಿನ ಮೂಲೆಯಲ್ಲಿ ಕೂತು ಬಸ್ಸಿನ ಹರಿದ ಸೀಟು ಹೊಲಿಯುತ್ತಿದ್ದ. ಆಟ ಬಿಟ್ಟಂದಿನಿಂದ ಅದೇ ಅವನ ಕೆಲಸ. ಉರ್ದು ಸರಾಗವಾಗಿ ಓದುತ್ತಿದ್ದ. ಮುಂಬಯಿಯ ಗಿರಣಿ ತಂಡದಲ್ಲಿ ಆಡಿದ ವರ್ಷಗಳಲ್ಲಿ ಮರಾಠಿಯೂ ಬಂದಿತ್ತು. ಕನ್ನಡ ಅಕ್ಷರಗಳನ್ನು ಮಾತ್ರ ಒಂದೊಂದಾಗಿ ಕೂಡಿಸಿಕೊಳ್ಳಬೇಕು. ಅದಕ್ಕೆ ಕಾಗದವನ್ನು ಜಟ್ಟಪ್ಪನ ಕೈಗೆ ಕೊಟ್ಟ. ಜಟ್ಟಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಗಟ್ಟಿಯಾಗಿ ಓದಿದ. ಶಿರಸಿಯ ಹಾಕಿ ಸಂಘದವರು ಬರೆದದ್ದು. ಬರುವ ತಿಂಗಳು ಧಾರವಾಡದಲ್ಲಿ ಪಂದ್ಯಾವಳಿ ಇದೆ. ಆದ್ದರಿಂದ ತಾವು ನಮ್ಮ ತಂಡದ ವ್ಯವಸ್ಥಾಪಕರಾಗಿ ದಯಮಾಡಿಸಬೇಕು, ಇದೇ ಬರುವ ಭಾನುವಾರ ಮೈದಾನಕ್ಕೆ ಬಂದು ಹೊಣೆ ವಹಿಸಿಕೊಳ್ಳಬೇಕು. ಕೆಳಗೆ ಕಾರ್ಯದರ್ಶಿ ಪರಮೇಶ್ವರಪ್ಪನ ಸಹಿ.

“ವ್ಯವಸ್ಥಾಪಕ ಅಂದ್ರೆ ಎಂತದೋ?”

“ವ್ಯವಸ್ಥೆ ಮಾಡವ. ಮದ್ವೆ ಮನೇಲಿ ಒಬ್ರು ಇರ್ತಾರಲ್ರಾ, ಊಟ, ನೀರು, ಎಲೆ ಹಾಸೋದು, ಎಲೆ ತೆಗಿಯೋದು. ಅದೇ.”

“ಅದೇನಾ?”

“ಮತ್ತೆಂತ? ಮ್ಯಾನೇಜರ್ ಬೇಕಿದ್ರೆ ಮ್ಯಾನೇಜರ್ ಅಂತ್ಲೇ ಬರಿತಿದ್ರು. ನಮ್ಮ ಬಸ್ ಕಂಪನೀಲಿ ಹಂಗೇ ಬರಿತಾರಲ್ಲ,” ಎಂದು ಜಟ್ಟಪ್ಪ ಕಾಗದ ಮಡಚಿದ. ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಕಚೇರಿಯ ಬೋರ್ಡುಗಳಲ್ಲಿ ವಾರಕ್ಕೊಂದು ಹೊಸ ಮಾತು ಬರುತ್ತಿತ್ತು. ಅವುಗಳ ಅರ್ಥ ಹೇಳುವುದರಲ್ಲಿ ಸ್ಟ್ಯಾಂಡಿಗೆಲ್ಲ ಜಟ್ಟಪ್ಪನೇ ಮುಂದು.

ಅಂದು ಸಂಜೆ ದಾವೂದ್ ಒಲೆ ಹಚ್ಚಲಿಲ್ಲ. ಹೆಂಡತಿ ತೀರಿಹೋದ ಮೇಲೆ ಹಾಗೆ ಹಚ್ಚದ ಸಂಜೆಗಳು ಬೇಕಾದಷ್ಟಿದ್ದವು, ಯಾರೂ ಕೇಳುವವರಿರಲಿಲ್ಲ. ಲೆಫ್ಟ್ ಔಟ್ ದಾವೂದನ ಕೋಲಿಗೆ ಚೆಂಡು ಬಂದರೆ ಮುಂಬಯಿಯ ಮೈದಾನದಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಅವನ ಚಿತ್ರ ಪೇಪರಿನಲ್ಲಿ ಬಂದಿತ್ತು. ಊರಿಗೆ ಬಂದ ಮೇಲೆ ಶಿರಸಿ ತಂಡಕ್ಕೂ ಐದು ವರ್ಷ ಆಡಿದ್ದ. ಮಂಡಿ ಕೆಟ್ಟಾಗ ಎಲ್ಲರೂ ಬಂದು ನೋಡಿಹೋದರು. ಆಮೇಲೆ ಒಬ್ಬರೂ ಬರಲಿಲ್ಲ. ಹತ್ತು ವರ್ಷ ಕಳೆದು ಈಗ ಕರೆದದ್ದು ಎಲೆ ಹಾಸಲಿಕ್ಕೆ.

ಹೋಗುವುದಿಲ್ಲ ಎಂದುಕೊಂಡ. ಎರಡು ದಿನ ಹಾಗೇ ಇದ್ದ. ಮೂರನೆಯ ದಿನ ಸೀಟಿಗೆ ನಾರು ತುಂಬುತ್ತಿದ್ದಾಗ ಅವನಿಗೆ ಬೇರೊಂದು ಹೊಳೆಯಿತು. ತಂಡ ಧಾರವಾಡಕ್ಕೋ ಬೆಳಗಾವಿಗೋ ಹೋದಾಗ ಎಲ್ಲರೂ ಖಾನಾವಳಿಗೆ ಊಟಕ್ಕೆ ಹೋಗುತ್ತಿದ್ದರು. ದಾವೂದ್ ಒಬ್ಬನೇ ಬೇರೆ ಬೀದಿಗೆ, ತಮ್ಮವರ ಹೋಟೆಲು ಹುಡುಕಿಕೊಂಡು ಹೋಗುತ್ತಿದ್ದ. ಯಾರೂ ಹೋಗು ಅಂದದ್ದಿಲ್ಲ, ಯಾರೂ ಬಾ ಅಂದದ್ದೂ ಇಲ್ಲ. ಆಗ ತಂಡದ ಗೋಲು ಕಾಯುತ್ತಿದ್ದ ಪರಮೇಶ್ವರಪ್ಪ ಮಾತ್ರ ಊಟ ಮುಗಿಸಿ ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ. ಅವನ ಕೈಯಲ್ಲಿ ದಾವೂದನಿಗಾಗಿ ಮಡಚಿಟ್ಟ ಒಂದು ಎಲೆ-ಅಡಿಕೆ ಇರುತ್ತಿತ್ತು. ಆ ಜನ ಈಗ ಅವನನ್ನು ಅನ್ನ ಮಾಡಲಿಕ್ಕೆ ಕರೆಯುತ್ತಿದ್ದಾರೆ. ಅಂದರೆ ಅವನ ಕೈಯ ಅನ್ನ ಉಣ್ಣುತ್ತಾರೆ.

ಸೂಜಿಯನ್ನು ನಾರಿನಲ್ಲೇ ಬಿಟ್ಟು ಅವನು ಎದ್ದ. ನೇರ ಕುಂಬಾರರ ಮನೆಗೆ ಹೋದ.

ಓಣಿಯ ಆಚೆ ಬದಿಗಿದ್ದ ಅಕ್ಕ ಜೊಹರಾ ಹೊಸ ಗಡಿಗೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. “ನಮ್ಮ ದೇಗು ತೂತು ಬಿದ್ದದಾ? ಐವತ್ತು ಮಂದಿಗೆ ಬೇಯ್ತದೆ ಅದರಲ್ಲಿ.”

“ಬೇಡ ಆಪಾ. ಅದರಲ್ಲಿ ನಮ್ಮನೆ ಅಡಿಗೆ ಆಗ್ತದಲ್ಲ.”

ಜೊಹರಾ ಮತ್ತೆ ಕೇಳಲಿಲ್ಲ. ಹೊಸ ಗಡಿಗೆ ಒಡೆಯದಿರಲೆಂದು ಅವನು ಮೂರು ದಿನ ಅಕ್ಕಚ್ಚು ಹಾಕಿ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದರೆ ಹೊಸಿಲಲ್ಲಿ ನಿಂತು ನೋಡಿದಳು. “ಮದುಮಗಳಿಗೆ ಅರಿಶಿನ ಹಚ್ಚಿದ ಹಾಗೆ ಮಾಡ್ತಾನೆ,” ಎಂದು ಚುಡಾಯಿಸಿದಳು. ಶನಿವಾರ ಸಂಜೆ ಜಟ್ಟಪ್ಪ ಗಡಿಗೆ ನೋಡಿ ಹೋದ ಮೇಲೆ ಬಂದು, ಟ್ರಂಕಿನಲ್ಲಿ ಹಬ್ಬಕ್ಕೆಂದು ಇಟ್ಟಿದ್ದ ಹೊಸ ಬಿಳಿ ಬಟ್ಟೆಯನ್ನು ಅವನ ಪಕ್ಕಕ್ಕಿಟ್ಟಳು. “ಅನ್ನ ಮುಚ್ಚಲಿಕ್ಕೆ,” ಅಂದಳು.

ಭಾನುವಾರ ಜಟ್ಟಪ್ಪ ಬಸ್ಸನ್ನು ಶಿರಸಿಯ ಸ್ಟ್ಯಾಂಡಿನವರೆಗೆ ಒಯ್ಯದೆ, ಮೊದಲೇ ಸಿಗುವ ಮೈದಾನದ ಹತ್ತಿರ ನಿಲ್ಲಿಸಿದ. ಗಡಿಗೆ, ಅಕ್ಕಿಯ ಚೀಲ, ಮುತ್ತುಗದ ಎಲೆಯ ಕಟ್ಟು, ಎಲ್ಲವನ್ನೂ ತಾನೇ ಇಳಿಸಿದ. “ಗಡಿಗೆ ಒಡೆದ್ರೆ ನನ್ನ ಹೆಸರು ಹೇಳ್ಬೇಡಿ,” ಎಂದು ಸೀಟಿ ಊದಿದ.

ಮೈದಾನದಲ್ಲಿ ಹುಡುಗರು ಆಗಲೇ ಆಡುತ್ತಿದ್ದರು. ದಾವೂದ್ ಅತ್ತ ಹೋಗಲಿಲ್ಲ. ಗೋಲಿನ ಹಿಂದಿನ ಮಾವಿನ ಮರದಡಿ ಮೂರು ಮೂರು ಕಲ್ಲು ಹೂಡಿ ಎರಡು ಒಲೆ ಮಾಡಿದ. ಬಾವಿಯಿಂದ ನೀರು ಸೇದಿ ತಂದ. ಅನ್ನಕ್ಕಿಟ್ಟು, ತೊಗರಿಬೇಳೆ ತೊಳೆದ. ಮೈದಾನಕ್ಕೆ ಬೆನ್ನು ಮಾಡಿಯೇ ಕೂತಿದ್ದ. ಆದರೆ ಕಿವಿಯನ್ನು ತಿರುಗಿಸಿಡಲು ಬರುವುದಿಲ್ಲವಲ್ಲ. ಚೆಂಡಿಗೆ ಕೋಲು ತಗುಲಿದಾಗಲೆಲ್ಲ ಅವನ ಬಲಗೈಯ ಬೆರಳುಗಳು ಸಣ್ಣಗೆ ಮಡಚಿಕೊಳ್ಳುತ್ತಿದ್ದವು. ಸದ್ದು ಸರಿಯಿರಲಿಲ್ಲ. ಎರಡು ಸಲ ಏಳಲು ಹೋಗಿ, ಎರಡು ಸಲವೂ ಸೌದೆ ಮುಂದೆ ನೂಕಿ ಕೂತ.

ಅನ್ನ ಬಸಿದು ಬಿಳಿ ಬಟ್ಟೆ ಮುಚ್ಚುವ ಹೊತ್ತಿಗೆ ಸೈಕಲ್ಲಿನ ಮೇಲೆ ಪರಮೇಶ್ವರಪ್ಪ ಬಂದ. ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯವನು. ಹೊಟ್ಟೆ ಬಂದಿತ್ತು, ತಲೆ ನರೆತಿತ್ತು. ಹ್ಯಾಂಡಲಿನಲ್ಲಿ ಒಂದು ಸೇವಂತಿಗೆ ಹಾರ ಬಾಡಿ ಜೋಲಾಡುತ್ತಿತ್ತು.

“ಭಾಯಿ, ಇಲ್ಲಿ ಅದೀರೇನ್ರಿ? ಒಂದು ತಾಸಿನಿಂದ ಹಾರ ಹಿಡಕೊಂಡು ಬಸ್ ಸ್ಟ್ಯಾಂಡಿನ್ಯಾಗ ನಿಂತೇನಿ. ಯಾವ ಮಂತ್ರಿ ಬರ್ತಾನ್ರೀ ಅಂತ ಕಂಡಕಂಡವರೆಲ್ಲ ಕೇಳಿದ್ರು.”

“ಒಲೆ ಹಚ್ಚಲಿಕ್ಕೆ ತಡ ಆಗ್ತದೆ ಅಂತ ಇಲ್ಲೇ ಇಳಿದೆ. ಅನ್ನ ಆಯ್ತು. ಬೇಳೆ ಇನ್ನೊಂದು ಕುದಿ ಬರಬೇಕು.”

“ಯಾರಿಗ್ರಿ ಅನ್ನ?”

“ನೀವೇ ಬರ್ದಿದ್ರಲ್ಲ, ವ್ಯವಸ್ಥೆಗೆ ಬರ್ಬೇಕು ಅಂತ.” ದಾವೂದ್ ಜೇಬಿನಿಂದ ಕಾಗದ ತೆಗೆದ. ಅದರ ಮಡಿಕೆಗಳು ಸವೆದಿದ್ದವು.

ಪರಮೇಶ್ವರಪ್ಪ ತನ್ನದೇ ಅಕ್ಷರವನ್ನು ನೋಡಿದ. ಗಡಿಗೆಗಳನ್ನು ನೋಡಿದ. ಅವು ಹೊಸವು, ತಳಕ್ಕೆ ಹಿಡಿದ ಮಸಿ ಬಿಟ್ಟರೆ ಮೈಯೆಲ್ಲ ಇನ್ನೂ ಕೆಂಪಗಿತ್ತು. ಅವನು ಸೈಕಲ್ಲನ್ನು ಮರಕ್ಕೆ ಒರಗಿಸಿ ನಿಂತ.

“ಭಾಯಿ, ವ್ಯವಸ್ಥಾಪಕ ಅಂದ್ರ ಮ್ಯಾನೇಜರ್ ರೀ. ಈಗ ಎಲ್ಲಾ ಕನ್ನಡ ಆಗೇತಲ್ಲ, ನಾವೂ ಚಲೋ ಕನ್ನಡದಾಗ ಬರಿಯೂಣು ಅಂತ ಮಾಸ್ತರರನ್ನ ಕೇಳಿ ಆ ಶಬ್ದ ಹಾಕಿದೆ. ಸುಡಲಿ ನನ್ನ ಬುದ್ಧಿ. ತಂಡ ಆರಿಸಾವ್ರು ನೀವು, ಆಡಸಾವ್ರು ನೀವು. ಅದಕ್ಕ ಕರದದ್ದು.”

“ಮ್ಯಾನೇಜರಾ?” ದಾವೂದ್ ಕೈಗಳನ್ನು ಲುಂಗಿಗೆ ಒರೆಸಿಕೊಂಡ. “ನಾನಾ?”

“ಮತ್ಯಾರ್ರಿ? ಕೇಳಾಕ ಇಷ್ಟು ವರ್ಷ ನಮಗ ಬಾಯಿ ಇರಲಿಲ್ಲ, ಅಷ್ಟ.”

ದಾವೂದನ ಮುಖ ಅರಳಿತು. ಆದರೆ ಕಣ್ಣು ಬಿಳಿ ಬಟ್ಟೆಯ ಕಡೆ ಹೋಗಿ ಅಲ್ಲೇ ನಿಂತಿತು. “ಹಂಗಾದ್ರೆ ಹುಡುಗರ ಊಟ?”

“ಖಾನಾವಳ್ಯಾಗ ಹೇಳೇವಿ. ಯಾವಾಗಿನ ಹಂಗ…”

“ಸರಿ ಸರಿ. ಅದೇ ಸರಿ.” ದಾವೂದ್ ಒಲೆಯಿಂದ ಸೌದೆ ಹಿಂದಕ್ಕೆಳೆದ. ಗಾಳಿಗೆ ಎದ್ದಿದ್ದ ಬಟ್ಟೆಯ ಅಂಚಿಗೆ ಒಂದು ಕಲ್ಲಿಟ್ಟ. “ಚೆಂಡು ಯಾರ ಹತ್ರ ಉಂಟು? ಅದರ ಹೊಲಿಗೆ ಬಿಟ್ಟದೆ. ಆಗಿನಿಂದ ಕೇಳ್ತಾ ಇದ್ದೆ. ಹಲಸಿನಕಾಯಿ ಬಡಿದ ಹಾಗೆ ಡಬ್ ಡಬ್ ಅಂತದೆ.”

ಹುಡುಗರು ಸುತ್ತ ಕೂಡಿದರು. ಚೆಂಡಿನ ಚರ್ಮದ ಹೊಲಿಗೆ ನಿಜವಾಗಿಯೂ ಅರ್ಧ ಬೆರಳು ಬಿಟ್ಟಿತ್ತು. ದಾವೂದ್ ಟೋಪಿಯ ಅಂಚಿಗೆ ಸಿಕ್ಕಿಸಿದ್ದ ಬಾಗಿದ ಸೂಜಿ ತೆಗೆದು, ಮೇಣದ ದಾರ ಪೋಣಿಸಿ, ನಿಂತಲ್ಲೇ ಹೊಲಿದ.

“ಮ್ಯಾನೇಜರ್ ತರ್ತಾರೆ ಅಂದ್ರು, ದರ್ಜಿ ತಂದಾರಲ್ಲ,” ಎಂದು ಮಾಸ್ತಿ ಪಕ್ಕದವನ ಕಿವಿಯಲ್ಲಿ ಹೇಳಿದ. ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಹೊರುವ ಮಾಸ್ತಿ ತಂಡದ ಸೆಂಟರ್ ಹಾಫ್. ಅವನ ಪಿಸುಮಾತೂ ಹತ್ತು ಮಾರು ಕೇಳುತ್ತಿತ್ತು.

“ದರ್ಜಿನೇ ಅಪ್ಪ,” ಅಂದ ದಾವೂದ್, ದಾರವನ್ನು ಹಲ್ಲಿನಲ್ಲಿ ಕಡಿದು. “ನಿನ್ನ ಕೋಲು ಕೊಡು ಇಲ್ಲಿ.”

ಕೋಲು ಕೈಗೆ ಬಂದಾಗ ಅವನು ಒಂದು ಕ್ಷಣ ಅದನ್ನು ತೂಗಿ ನೋಡಿದ. ಆಮೇಲೆ, ಕೆಟ್ಟ ಕಾಲನ್ನು ಎಳೆದುಕೊಂಡೇ ಎರಡು ಹೆಜ್ಜೆ ಹೋಗಿ ಹೊಡೆದ. ಟಣ್ ಎಂದು ಒಂದೇ ಸದ್ದು. ಚೆಂಡು ಹುಲ್ಲನ್ನು ಬಿಡದೆ ಹೋಗಿ ಆಚೆಯ ಗೋಲಿನ ಹಲಗೆಗೆ ಬಡಿಯಿತು. ಹುಡುಗರು ನಗುವುದನ್ನು ಬಿಟ್ಟರು.

“ನೀನು ದಿಮ್ಮಿ ಹಿಡಿದ ಹಾಗೆ ಹಿಡಿತೆ,” ಎಂದು ಮಾಸ್ತಿಯ ಮಣಿಕಟ್ಟನ್ನು ಸಡಿಲಿಸಿದ. “ಕೋಳಿಮರಿ ಹಿಡಿದ ಹಾಗೆ ಹಿಡಿ. ಹಾರಿಯೂ ಹೋಗಬಾರದು, ಸಾಯಲೂ ಬಾರದು.”

ಬಿಸಿಲು ನೆತ್ತಿಗೆ ಬರುವವರೆಗೂ ಆಡಿಸಿದ. ಹತ್ತು ವರ್ಷ ಯಾರೊಡನೆಯೂ ಆಡದ ಮಾತನ್ನೆಲ್ಲ ಆ ಎರಡು ತಾಸಿನಲ್ಲಿ ಆಡಿದಂತಿತ್ತು, ದನಿ ಕುಳಿತುಹೋಯಿತು. ಕೊನೆಗೆ ಪರಮೇಶ್ವರಪ್ಪ ಸೀಟಿ ಊದಿ ಊಟಕ್ಕೆ ಹೊತ್ತಾಯಿತು ಎಂದ. ಹುಡುಗರು ಖಾನಾವಳಿಗೆ ಹೊರಟು ಸೈಕಲ್ ಹತ್ತಿದರು. “ನಮಸ್ಕಾರ್ರೀ ಮ್ಯಾನೇಜರ್ ಸಾಹೇಬ್ರೆ,” ಎಂದು ಒಬ್ಬೊಬ್ಬರೇ ಹೇಳಿ ಹೋದರು. ಅವರು ಖುಷಿಯಲ್ಲಿದ್ದರು. ಮರದಡಿಯ ಗಡಿಗೆಗಳು ಯಾರಿಗಾಗಿ ಎಂದು ಅವರಿಗೆ ಗೊತ್ತಿರಲಿಲ್ಲ.

ದಾವೂದ್ ಮರದಡಿಗೆ ಬಂದ. ಒಲೆಯಲ್ಲಿ ಕೆಂಡ ಬೂದಿಯಾಗಿತ್ತು. ಹದಿನೆಂಟು ಮಂದಿಯ ಅನ್ನ. ಸಂಜೆಯ ಬಸ್ಸಿಗೆ ಇಷ್ಟನ್ನೂ ಹೊತ್ತು ಇಳಿದರೆ ಆಪಾ ಏನೂ ಕೇಳುವುದಿಲ್ಲ. ಕೇಳದೆ ಇರುತ್ತಾಳಲ್ಲ, ಅದೇ ಕಷ್ಟ. ಅವನು ಎಲೆಯ ಕಟ್ಟನ್ನು ಮತ್ತೆ ಬಿಗಿಯತೊಡಗಿದ.

“ಯಾಕ್ರಿ ಕಟ್ಟಾಕತ್ತೀರಿ?”

ಪರಮೇಶ್ವರಪ್ಪ ಹೋಗಿರಲಿಲ್ಲ. ಸೈಕಲ್ಲಿನ ಪಕ್ಕ ನಿಂತು ಬಾಡಿದ ಹಾರದ ಒಂದೊಂದೇ ಎಸಳು ಕೀಳುತ್ತಿದ್ದ.

“ನೀವು ಊಟಕ್ಕೆ ಹೋಗ್ಲಿಲ್ವಾ?”

“ಎಲ್ಲಿ ಉಣಬೇಕು ಅಂತ ಹೇಳಾಂವ ಮ್ಯಾನೇಜರ್. ನೀವು ಇನ್ನೂ ಹೇಳಿಲ್ಲಲ್ರಿ.”

ದಾವೂದ್ ಬಗ್ಗಿಕೊಂಡೇ ಕಟ್ಟನ್ನು ಇನ್ನಷ್ಟು ಬಿಗಿದ. ಹೇಳಬೇಕಾದದ್ದು ಉಣ್ಣಲು ಬನ್ನಿ ಎಂಬ ಒಂದೇ ಮಾತು; ಅದನ್ನು ಅವನು ತಂಡದವರಿಗೆ ಯಾವತ್ತೂ ಹೇಳಿರಲಿಲ್ಲ. ಪರಮೇಶ್ವರಪ್ಪ ಅಂಗಿಯ ಮೇಲಿಂದಲೇ ಎದೆಯಲ್ಲಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, ಬಂದು ಬೇರಿನ ಮೇಲೆ ಕೂತ. ಕಟ್ಟಿನಿಂದ ತಾನೇ ಒಂದು ಎಲೆ ಎಳೆದು, ನೀರು ಚಿಮುಕಿಸಿ ಒರೆಸಿದ.

“ಮನೇಲಿ ಗೊತ್ತಾದ್ರೆ? ನಿಮ್ಮ ಹೆಂಡ್ತಿ ನೀಲಗಂಗವ್ವ ಕೇಳಿದ್ರೆ?”

“ಕೇಳ್ತಾಳ,” ಅಂದ ಪರಮೇಶ್ವರಪ್ಪ. ಎಲೆಯ ನಾರನ್ನು ಬೆರಳಿನಿಂದ ಸರಿಮಾಡುತ್ತಿದ್ದ. “ಸಾರಿಗೆ ಉಪ್ಪು ಸರಿ ಇತ್ತೇನು ಅಂತ ಕೇಳ್ತಾಳ.”

ಟವೆಲು ಮರೆತಿದ್ದ ಮಾಸ್ತಿ ಮೈದಾನದ ಆಚೆಯಿಂದ ತಿರುಗಿ ಬಂದವನು, ಇಬ್ಬರನ್ನೂ ನೋಡಿ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತ.

ದಾವೂದ್ ಕಲ್ಲು ತೆಗೆದು ಬಟ್ಟೆ ಸರಿಸಿದ. ಅಡಿಯಲ್ಲಿ ಅನ್ನ ಇನ್ನೂ ಬಿಸಿಯಿತ್ತು. ಪರಮೇಶ್ವರಪ್ಪನ ಕೈಯಿಂದ ಎಲೆ ತೆಗೆದುಕೊಂಡು ಅನ್ನ ಹಾಕಿದ, ನಡುವೆ ಗುಳಿ ಮಾಡಿ ಸಾರು ಬಿಟ್ಟ. ಎಲೆಯ ಅಂಚಿನಿಂದ ಸಾರು ಹರಿಯದಂತೆ ಎರಡೂ ಕೈಯನ್ನು ಅಡಿಗೆ ಕೊಟ್ಟು, ಪರಮೇಶ್ವರಪ್ಪನ ಮುಂದಕ್ಕೆ ಹಿಡಿದ.