ತಿಂಗಳು ಕಳೆಯಲಿ

ನನ್ನ ಬಾಯಿಗೆ ಬೀಗವಿಲ್ಲ ಎಂದು ಹೊಸೂರಿನ ಪಕ್ಕದ ನಮ್ಮ ಆಲಸನತ್ತಂನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಆದರೆ ಆ ಬಾಯಿ ಏನು ಮಾಡಿಟ್ಟಿತ್ತೆಂದು ಗೊತ್ತಾದದ್ದು ಆ ಶುಕ್ರವಾರ, ಜೂಜುವಾಡಿಯ ಹೊಸ ಗೋದಾಮಿನ ಬಾಗಿಲಲ್ಲಿ ನಿಂತಾಗ. ಖಾಲಿ ಇರಬೇಕಿದ್ದ ಗೋದಾಮಿನಲ್ಲಿ ಅಕ್ಕಿಮೂಟೆಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದವು.

ಅಂಗಡಿಗಳವರು, ಕಾರ್ಖಾನೆ ಕ್ಯಾಂಟೀನಿನವರು ಕೊಡುವ ಅಕ್ಕಿ, ಬೇಳೆ ಕೂಡಿಸಿ ಸುತ್ತಲ ಊರುಗಳ ಮಕ್ಕಳ ಊಟಕ್ಕೆ ಕಳಿಸುವ ಕೆಲಸ ನಮ್ಮದು. ಹಳೆಯ ಕೋಣೆ ಸಾಲದೆ ಈ ಗೋದಾಮು ಹಿಡಿದೆವು. ಗೆದ್ದಲು ಬಹಳ ಇತ್ತು, ಗೋಡೆಗೆಲ್ಲ ಮದ್ದು ಹೊಡೆಸಿದೆ. "ಒಂದು ತಿಂಗಳು ಬಾಗಿಲು ತೆಗೆದಿಡಿ ಸರಳಮ್ಮಾ, ತಿನ್ನೋ ಸಾಮಾನು ಇಡಬ್ಯಾಡಿ, ವಿಷ" ಎಂದು ಮದ್ದಿನವನು ಹೇಳಿಹೋದ. ಅದನ್ನೇ ಹೋದ ಶನಿವಾರ ಗೋದಾಮು ನೋಡಿಕೊಳ್ಳುವ ಕುಮಾರೇಶನಿಗೆ ಫೋನಿನಲ್ಲಿ ಕೂಗಿ ಹೇಳಿದ್ದೆ: "ತಿಂಗಳು ಕಳೀಲಿ ಕಣಪ್ಪಾ, ಆಮೇಲೆ ಮೂಟೆ ಇಡು."

"ಯಾರೋ ಇದನ್ನ ತುಂಬ್ದೋರು?" ಎಂದು ಕುಮಾರೇಶನನ್ನು ಕೂಗಿ ಕೇಳಿದೆ.

"ನಾನೇ ಅಕ್ಕಾ. ನೀವು ತಾನೇ ಹೇಳಿದ್ದು? ತಿಂಗಳ್ ಕಳೀತು, ಮಂಗಳವಾರ ಇಟ್ಟೆ."

ಕುಮಾರೇಶ್ ಸೇಲಂ ಕಡೆಯವನು, ಈ ಊರಿಗೆ ಹೊಸಬ. ತಮಿಳಿನಲ್ಲಿ ತಿಂಗಳ್ ಎಂದರೆ ಸೋಮವಾರ. ಇಷ್ಟು ವರ್ಷ ಮೂರು ಭಾಷೆ ಕಲಸಿ ಮಾತಾಡಿದ ನನಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು, ಅವಸರದಲ್ಲಿ ಹೊಳೆಯಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

"ಆಚೆ ಎಷ್ಟು ಹೋಯ್ತು?"

"ಒಂದೇ ಮೂಟೆ ಅಕ್ಕಾ. ನಿನ್ನೆ ಸಾಯಂಕಾಲ, ಗುಮ್ಮಳಾಪುರಕ್ಕೆ."

ಗುಮ್ಮಳಾಪುರದಲ್ಲಿ ಮೂವತ್ತೆರಡು ಮಕ್ಕಳು. ಅಡುಗೆಯ ಬೈರಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಒಲೆಯ ಮುಂದೆ ಕೂತರೆ ಅವಳು ಫೋನನ್ನು ಕಿಟಕಿಯಲ್ಲಿಟ್ಟು ಮರೆತುಬಿಡುತ್ತಾಳೆ. ಅವಳ ಪಕ್ಕದ ಮನೆಯ ಶ್ಯಾಮಣ್ಣನಿಗೆ ಮಾಡಿದೆ, ಅವನೂ ಎತ್ತಲಿಲ್ಲ. ಗಂಟೆ ಹನ್ನೊಂದೂಕಾಲು. ಮಕ್ಕಳ ಊಟ ಹನ್ನೆರಡೂವರೆಗೆ.

ಕುಮಾರೇಶ್ ವ್ಯಾನ್ ಓಡಿಸಿದ. ನಾನು ಪಕ್ಕದಲ್ಲಿ ಕೂತು ಫೋನ್ ಒತ್ತುತ್ತಲೇ ಇದ್ದೆ. ಅವಸರದಲ್ಲಿ ಎರಡು ಸಲ ಯಾರ್ಯಾರಿಗೋ ಹೋಯಿತು. ಮೂವತ್ತೆರಡು ಮುಖಗಳೂ ನನಗೆ ಗೊತ್ತು. ಅನ್ನ ಸಾಲದು ಅಂತ ತಟ್ಟೆ ಬಡಿಯುವ ಮಂಗಳಾ ಅನ್ನುವ ಪುಟ್ಟಿಯಂತೂ ಕಣ್ಣ ಮುಂದಿಂದ ಸರಿಯಲೊಲ್ಲಳು.

ಅರ್ಧ ದಾರಿಯಲ್ಲಿ ಒಂದು ಮಾತು ನೆನಪಾಗಿ ಜೀವ ಬಂದಂತಾಯಿತು. ಬೇಯಿಸಿದವಳು ಮೊದಲು ಉಣ್ಣಬೇಕು, ಅರ್ಧ ಗಂಟೆ ಬಿಟ್ಟು ಮಕ್ಕಳಿಗೆ ಬಡಿಸಬೇಕು. ಅದು ನಾನೇ ಮಾಡಿದ ಕಟ್ಟಳೆ. ಬೈರಮ್ಮ ಒಮ್ಮೆ ತಪ್ಪಿಸಿದಾಗ ಊರವರ ಮುಂದೆಯೇ ಬೈದಿದ್ದೆ. ಮಕ್ಕಳು ಉಳಿದರು ಎಂದುಕೊಂಡೆ. ಮರುಕ್ಷಣವೇ ಬೈರಮ್ಮನ ಗತಿ ಏನು ಎಂದು ಹೊಳೆದು, ಇನ್ನೂ ಜೋರಾಗಿ ಓಡಿಸು ಎಂದು ಕುಮಾರೇಶನಿಗೆ ಕೂಗಿದೆ.

ನಾವು ಹೋದಾಗ ಮಕ್ಕಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಸಾಲಾಗಿ ಕೂತಿದ್ದರು. ಬೈರಮ್ಮ ಕಂಬಕ್ಕೆ ಒರಗಿದ್ದಳು. ಹಣೆಯೆಲ್ಲ ಬೆವರು.

"ನೀವ್ ಹೇಳ್ದಂಗೇ ಮೊದ್ಲು ನಾನುಂಡೆ ಕಣಮ್ಮಾ," ಎಂದಳು ನನ್ನನ್ನು ಕಂಡು ಗಾಬರಿಯಾಗಿ. "ಇನ್ನೂ ಅರ್ಧ ಗಂಟೆ ಆಗಿಲ್ಲ, ಅದ್ಕೇ ಬಡಿಸ್ಲಿಲ್ಲ. ಬೈಬ್ಯಾಡಿ. ಯಾಕೋ ಹೊಟ್ಟೆ ತೊಳಿಸ್ತೈತೆ."

ಅನ್ನದ ಪಾತ್ರೆಯನ್ನು ನಾನೇ ಎತ್ತಿ ಗುಂಡಿಗೆ ಸುರಿದೆ. ಮಕ್ಕಳಿಗೆ ಅಂಗಡಿಯಿಂದ ಬಾಳೆಹಣ್ಣು ಕೊಡಿಸಿ, ಬೈರಮ್ಮನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಹೊಸೂರಿಗೆ ಹೊರಟೆವು. ದಾರಿಯಲ್ಲಿ ಎರಡು ಸಲ ವಾಂತಿಯಾಯಿತು.

"ನಾನ್ ಸತ್ತೋಯ್ತೀನಾ ಅಮ್ಮಾ?"

"ಬಿಡ್ತು ಅನ್ನು! ಬಾಯಿ ಮುಚ್ಕೊಂಡು ಮಲ್ಕೋ," ಎಂದು ಗದರಿದೆ. ಗದರಿ, ಅವಳ ಕೈ ಹಿಡಿದು ಅತ್ತುಬಿಟ್ಟೆ. ನನಗೆ ಅಷ್ಟು ಭಯವಾಗಿತ್ತು.

ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದವರು ಎರಡು ಗಂಟೆ ನಮಗೆ ಏನೂ ಹೇಳಲಿಲ್ಲ. ಆಮೇಲೆ ನರ್ಸಮ್ಮ ಬಂದು ಹಾಸಿಗೆಯ ಬಳಿ ಕರೆದಳು. ಈಗ ಪರವಾಗಿಲ್ಲ, ಆದರೂ ನೋಡಬೇಕು ಎಂದು ತಮಿಳಿನಲ್ಲಿ ಹೇಳಿ, "ತಿಂಗಳ್ ವರೈಕ್ಕುಂ ಇಂಗೇ ಇರುಕ್ಕಟ್ಟುಂ" ಎಂದಳು.

ಬೈರಮ್ಮನಿಗೆ ಅದರಲ್ಲಿ ಒಂದೇ ಮಾತು ಕೇಳಿಸಿತು. "ತಿಂಗ್ಳಾ? ಒಂದ್ ತಿಂಗ್ಳು ಇಲ್ಲೇ ಇರ್ಬೇಕಾ? ಅಂಗಾದ್ರೆ ನಾನುಳಿಯಾಕಿಲ್ಲ ಬುಡಿ," ಎಂದು ಬಿಕ್ಕತೊಡಗಿದಳು.

ಕುಮಾರೇಶ್ ಬಾಗಿಲಲ್ಲೇ ತಲೆ ತಗ್ಗಿಸಿದ.

"ಸೋಮವಾರದವರೆಗೆ, ಬೈರಮ್ಮಾ," ಎಂದೆ. "ಇವತ್ತು ಶುಕ್ರವಾರ. ಶನಿವಾರ, ಭಾನುವಾರ, ಆಮೇಲೆ ಸೋಮವಾರ." ಒಂದೊಂದೇ ಬೆರಳು ಮಡಿಸಿ ಬಿಡಿಸಿ ಹೇಳಿದೆ. ಹಾಗೆ ಹೇಳುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ; ಹೋದ ಶನಿವಾರವೂ ಹಿಡಿಯುತ್ತಿರಲಿಲ್ಲ.